ಪ್ರಭುವಿನ ಮತವೂ ಪ್ರಜೆಯ ಮನಸ್ಸೂ

ಪ್ರಜೆಗಳ ಧನಕ್ಕೂ ಭುಜಬಲಕ್ಕೂ ಅರಸನು ಒಡೆಯನೆಂಬುದನ್ನು ಹಿಂದಿನ ಕಾಲವು ಒಪ್ಪಿತ್ತು. ಅವರ ಅಂತಃಕರಣಕ್ಕೂ ಅವನೇ ಒಡೆಯನೋ ಎಂಬುದು ಮಾತ್ರ ಸುಲಭವಾಗಿ ತೀರಿದ ಪ್ರಶ್ನೆಯಲ್ಲ.

ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯು 1534ರಲ್ಲಿ ಪೋಪನನ್ನು ನಿರಾಕರಿಸಿ ತಾನೇ ಧರ್ಮಾಧಿಪತಿಯಾದನು. ಇದನ್ನೊಪ್ಪದ ಸರ್ ತಾಮಸ್ ಮೋರನು ಮರುವರ್ಷವೇ ತಲೆಯನ್ನು ತೆತ್ತನು. ಮಗಳಾದ ಮೇರಿಯು ಹಳೆಯ ಮತವನ್ನು ಮರಳಿ ನೆಲೆಗೊಳಿಸಿದಳು. ಸುಮಾರು 280 ಮಂದಿ ಬೆಂಕಿಗೆ ಆಹುತಿಯಾದರು. 1559ರಲ್ಲಿ ಎಲಿಜಬೆತ್ ರಾಣಿಯು ಅದನ್ನು ಮತ್ತೆ ಮಾರ್ಪಡಿಸಿ, ದೇವಾಲಯಕ್ಕೆ ಬಾರದವನಿಗೆ ಹನ್ನೆರಡು ಪೆನ್ನಿ ದಂಡವನ್ನು ವಿಧಿಸಿದಳು. ಇಪ್ಪತ್ತೈದು ವರ್ಷಗಳೊಳಗೆ ಪ್ರಜೆಯು ಸಿಂಹಾಸನವನ್ನು ನೋಡಿ ನೋಡಿ ಪ್ರಾರ್ಥನೆಯನ್ನು ಬದಲಿಸಬೇಕಾಯಿತು.

ಮಾಲೇಕಲ್ಲಿನ ವೆಂಕಟರಮಣನಿಗೆ ಕೈಮುಗಿದು ಹಳೇಬೀಡಿಗೆ ಹೊರಟ ಯಾತ್ರಿಕನಿಗೆ ದಾರಿಯಲ್ಲಿ ಅರಸೀಕೆರೆಯ ಶಿವಾಲಯವೂ, 1220ರ ಸಹಸ್ರಕೂಟ ಜಿನಾಲಯವೂ ದೊರೆಯುವುವು. ಈ ನೆರೆಹೊರೆಯು ತಾನಾಗಿ ಉಳಿದು ಬಂದುದಲ್ಲ. ಶ್ರೀವೈಷ್ಣವನಾದನೆಂದು ಪ್ರತೀತಿಯುಳ್ಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿದನು. ಆದರೂ ಅವನ ಪಟ್ಟದರಸಿ ಶಾಂತಲೆಯು 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿದಳು. ದಂಡನಾಯಕ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಬಸದಿಯನ್ನೆತ್ತಿಸಿ ಪ್ರಸಾದವನ್ನು ಕಳುಹಿದಾಗ, ಜಯವನ್ನೂ ಪುತ್ರೋತ್ಸವವನ್ನೂ ಕಂಡಿದ್ದ ಅರಸನು ಅದನ್ನು ಆದರದಿಂದ ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ತನ್ನ ಮತವನ್ನು ಆತನು ಮನೆಯವರ ಮೇಲೂ ಹೇರಲಿಲ್ಲ.

ಅದೇ ಬಸದಿಯಲ್ಲಿ 1638ರಲ್ಲಿ ಕಲಹವೊಂದು ಹುಟ್ಟಿತು. ಹುಚ್ಚಪ್ಪದೇವನೆಂಬ ವೀರಶೈವನು ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಜೈನರು ಮೊರೆಯಿಟ್ಟರು. ವೀರಶೈವರ ಹಿರಿಯರಾದ ಮಹಾಮಹತ್ತಿನವರು ಕೂಡಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಬಳಿಕ ಜೈನರು ತಮ್ಮ ಪೂಜೆಯನ್ನು ಪೂರ್ವಪದ್ಧತಿಯಂತೆ ನಡೆಸಬಹುದೆಂದು ತೀರ್ಪಿತ್ತರು. ಅದೇ ವರ್ಷ ಸ್ಕಾಟ್ಲೆಂಡಿನ ಜನರು ಮೊದಲನೆಯ ಚಾರ್ಲ್ಸನು ಹೇರಿದ ಪ್ರಾರ್ಥನಾಗ್ರಂಥವನ್ನು ಧಿಕ್ಕರಿಸಿ ಪ್ರತಿಜ್ಞಾಪತ್ರಕ್ಕೆ ಸಹಿಹಾಕುತ್ತಿದ್ದರು. ಅಲ್ಲಿಂದ ತೊಡಗಿದ ಕಲಹವು ಯುದ್ಧವಾಗಿ ಬೆಳೆದು, 1649ರಲ್ಲಿ ಅರಸನ ತಲೆಯೇ ಉರುಳಿತು.

ಹಳೇಬೀಡಿನ ತೀರ್ಪು ನ್ಯಾಯವೆನಿಸುವುದೇ? ತಮ್ಮ ದೇವರ ಮುಂದೆ ಪರಮತದ ಚಿಹ್ನೆಯನ್ನು ಮೊದಲು ಸಲ್ಲಿಸಬೇಕಾದವರಿಗೆ ಅದು ಪೂರ್ಣನ್ಯಾಯವೆನ್ನಲಾಗದು. ಬಲಿಷ್ಠನು ಕೊಟ್ಟ ಅನುಮತಿಯು ಹಕ್ಕಿಗೆ ಸಮನಲ್ಲ. 1368ರಲ್ಲಿ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ಭೇದವಿಲ್ಲವೆಂದ ಬುಕ್ಕರಾಯನ ಶಾಸನದಲ್ಲಿಯೂ, ಬೆಳಗೊಳದ ಕಾವಲಿಗೆ ಹಣವನ್ನು ತೆತ್ತವರು ಜೈನರೇ.

ಆದರೆ 1638ರ ಶಾಸನದ ಕೊನೆಯನ್ನು ಮರೆಯಲಾಗದು. ಈ ಜಿನಧರ್ಮಕ್ಕೆ ಅಡ್ಡಿಮಾಡಿದವನು ಶಿವದ್ರೋಹಿಯೂ ಜಂಗಮದ್ರೋಹಿಯೂ ಆಗುವನೆಂದು ಅಲ್ಲಿ ಬರೆದಿದೆ. ಆ ಶಾಪವು ತಗಲುವುದು ಜೈನನಿಗಲ್ಲ, ತೀರ್ಪಿತ್ತವರ ಮತದವನಿಗೇ. ಪರರ ಪೂಜೆಯನ್ನು ಕೆಡಿಸುವುದು ತನ್ನ ದೇವರಿಗೇ ಬಗೆದ ದ್ರೋಹವೆಂದು ಒಪ್ಪಿದ ಹಿರಿಯರು, ದಂಡಕ್ಕೆ ಎಟುಕದ ಸ್ಥಳದಲ್ಲಿ ಕಾವಲಿಟ್ಟರು. ಹೆನ್ರಿಯ ಕಾಯಿದೆಯು ಪ್ರಜೆಯ ಅಂತಃಕರಣವನ್ನು ಕಟ್ಟಲೆಳಸಿತು. ಈ ಕಲ್ಲು ಬಲವುಳ್ಳವನ ಕೈಯನ್ನು ಅವನ ಅಂತಃಕರಣದಿಂದಲೇ ಕಟ್ಟಿತು. ವಿಭೂತಿ ವೀಳ್ಯಗಳ ನಿಬಂಧನೆಯೂ ಇಲ್ಲದಿದ್ದರೆ ಅದು ಪೂರ್ಣಧರ್ಮವಾಗುತ್ತಿತ್ತು. ಆ ಉಳಿದ ಅಂಶವನ್ನು ತುಂಬುವ ಹೊಣೆಯು ಪ್ರತಿಯೊಂದು ಕಾಲದ ಬಲಿಷ್ಠರ ಮೇಲಿರುವುದು.