ಕಾಯಕವೂ ಅಕಾಲಶಿಶುವೂ

37 ವಾರ ತುಂಬುವ ಮುನ್ನ ಜನಿಸಿದ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿರುವಾಗ, ನಿವೇಶನಗಳ ದಲ್ಲಾಳಿಯಾದ ತಂದೆಯು ನೋಂದಣಿ ಕಚೇರಿಗೆ ಹೋಗುವುದು ಧರ್ಮವೇ? ಕ್ರಯಪತ್ರವಾಗದೆ ಅವನಿಗೆ ಹಣವಿಲ್ಲ. ರಜೆ ಕೊಡುವ ಒಡೆಯನೂ ಇಲ್ಲ. ಆಸ್ಪತ್ರೆಯ ವೆಚ್ಚವೋ ದಿನದಿನಕ್ಕೂ ಏರುವುದು. ಆದುದರಿಂದ ಹೊರಟವನನ್ನು ನಿರ್ದಯನೆನ್ನಲಾಗದು. ಆದರೆ ಕಾಯಕವೆಂಬ ಹೆಸರನ್ನು ಕ್ರಯಪತ್ರದ ಕೆಲಸಕ್ಕಷ್ಟೇ ಸಲ್ಲಿಸುವುದು ಯುಕ್ತವಲ್ಲ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಮೊದಲಾದ ಕಾಂಗರೂ ಆರೈಕೆಯಲ್ಲಿ ಶಿಶುವನ್ನು ಬರಿಯ ಎದೆಗೊರಗಿಸಿ ಬೆಚ್ಚಗಿಡುವರು. ತಾಯಿ ಬಳಲಿದಾಗ ತಂದೆಯ ಎದೆಯೂ ಅದಕ್ಕೆ ಸಲ್ಲುವುದು. ಹಾಗಿರಲು ಅಲ್ಲಿ ಕುಳಿತಿರುವುದು ಸುಮ್ಮನಿರುವುದಲ್ಲ. ಮೈಯಿಂದಲೇ ನಡೆವ ದುಡಿಮೆ. ನಿವೇಶನ ತೋರಿಸಲು ಜೊತೆಗಾರನನ್ನು ಕಳುಹಬಹುದು, ಕೊಳ್ಳುವವನನ್ನು ನಾಳೆ ಬಾರೆನ್ನಬಹುದು (ಹಾಗೆ ಕೇಳಿಕೊಳ್ಳುವವರೇ ವಿರಳ). ನೋಂದಣಿಯ ದಿನವೊಂದನ್ನು ಕಚೇರಿಗೆ ಕೊಟ್ಟು, ಉಳಿದ ಹೊತ್ತನ್ನು ಅಂಗಿ ಬಿಚ್ಚಿ ಕೂಸನ್ನು ಎದೆಗವಚಿಕೊಳ್ಳುವುದಕ್ಕೆ ಮೀಸಲಿಡತಕ್ಕದ್ದು.