ಅಯ್ಯನವರು ಇಲ್ಲದ ಭಾನುವಾರಗಳು

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರ ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಡೆಯುವ ಮಾತು ಒಂದೇ. ಈ ಸಲ ನಮ್ಮ ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ವರ್ಗ ಇದೆಯೋ ಇಲ್ಲವೋ? ಬರುವವರು ಯಾರು? ಪ್ರಸಂಗ ಹೇಗೆ ಮಾಡುತ್ತಾರೆ? ಮನೆಮನೆಗೆ ಬರುತ್ತಾರೋ, ಇಲ್ಲ ಭಾನುವಾರಕ್ಕಷ್ಟೇ ಸಿಗುತ್ತಾರೋ? ಮೂರೋ ಐದೋ ವರ್ಷ ಒಂದು ಕಡೆ ಇದ್ದ ಸಭಾಪಾಲಕರು ಬಿಷಪರ ಆದೇಶ ಬಂದಾಗ ಹೊರಡಲೇಬೇಕು. ಕೆಲವು ವರ್ಷ ಹಳಬರು ಹೋದ ವಾರವೇ ಹೊಸಬರು ಬಂದು ಇಳಿಯುತ್ತಾರೆ. ಕೆಲವೊಮ್ಮೆ ಹಾಗಾಗುವುದಿಲ್ಲ. ನಿವೃತ್ತಿ, ಕಾಯಿಲೆ, ಅಕಾಲದ ಸಾವು, ಆಡಳಿತದ ತಕರಾರು, ಹೀಗೆ ಯಾವುದೋ ಕಾರಣಕ್ಕೆ ಅಯ್ಯನವರ ಮನೆಯಾದ ಪಾರ್ಸನೇಜಿನ ಬಾಗಿಲಿಗೆ ತಿಂಗಳುಗಟ್ಟಲೆ ಬೀಗ ಬೀಳುತ್ತದೆ. ಪಕ್ಕದೂರಿನ ಅಯ್ಯನವರಿಗೆ ಇಲ್ಲಿಯ ಚಾರ್ಜು ಕೊಡುತ್ತಾರೆ. ಅವರು ತಮ್ಮ ಸಭೆಯ ಆರಾಧನೆ ಮುಗಿಸಿಕೊಂಡು ಬಸ್ಸೋ ಬೈಕೋ ಹಿಡಿದು ಬಂದು, ಕರ್ತನ ಭೋಜನ ನಡೆಸಿ, ಊಟಕ್ಕೂ ನಿಲ್ಲದೆ ಹೊರಡುತ್ತಾರೆ. ಉಳಿದ ಭಾನುವಾರಗಳು ಸಭೆಯ ಕೈಯಲ್ಲಿ.

ಆ ಭಾನುವಾರಗಳ ಬಗ್ಗೆಯೇ ನನ್ನ ಮಾತು. ಅವನ್ನು ಖಾಲಿ ದಿನಗಳೆಂದು ನೋಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಹಾಜರಿ ಇಳಿಯುತ್ತದೆ, ಕಾಣಿಕೆ ಇಳಿಯುತ್ತದೆ, 'ಹೊಸ ಅಯ್ಯನವರು ಬರಲಿ, ಆಮೇಲೆ ನೋಡೋಣ' ಎಂಬ ಮಾತು ಕಮಿಟಿಯಲ್ಲಿ ಹತ್ತು ಸಲ ಬರುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಸಭೆ ಯಾರದು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಇದೇ ದಿನಗಳಲ್ಲಿ.

ನಿಲ್ಲುವ ಕೆಲಸಗಳು ಇವೆ, ಒಪ್ಪೋಣ. ಕರ್ತನ ಭೋಜನ ನಡೆಸಲು ಅಭಿಷಿಕ್ತ ಸಭಾಪಾಲಕರೇ ಬೇಕು. ಮದುವೆ ಇನ್ನೂ ತೊಡಕಿನದು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಮದುವೆ ನಡೆಸುವ ಅಧಿಕಾರ ಎಲ್ಲರಿಗೂ ಇಲ್ಲ. ರಿಜಿಸ್ಟರಿನಲ್ಲಿ ಸಹಿ ಹಾಕುವವರು ಕಾನೂನು ಒಪ್ಪಿದವರಾಗಿರಬೇಕು. ಕಲ್ಯಾಣ ಮಂಟಪ ಗೊತ್ತು ಮಾಡಿ, ಪತ್ರಿಕೆ ಅಚ್ಚು ಹಾಕಿಸಿ, ಆದರೆ ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದಿಸುವುದಕ್ಕೂ ಯಾರನ್ನು ಕೇಳಬೇಕೆಂದು ತಿಳಿಯದ ಹೆಣ್ಣಿನ ಮನೆಯವರ ಕಷ್ಟ ಸಣ್ಣದಲ್ಲ. ಆದರೆ ನಿಲ್ಲದ ಕೆಲಸಗಳು ಇದಕ್ಕಿಂತ ಹೆಚ್ಚು. ಭಾನುವಾರದ ಆರಾಧನೆ ನಿಲ್ಲುವುದಿಲ್ಲ. ಸಂಡೇ ಸ್ಕೂಲು ನಿಲ್ಲುವುದಿಲ್ಲ. ಸಾವು ಯಾವ ಅಯ್ಯನವರಿಗಾಗಿಯೂ ಕಾಯುವುದಿಲ್ಲ. ರಾತ್ರಿ ಹೋದ ಜೀವವನ್ನು ಮರುದಿನ ಮಣ್ಣಿಗೆ ಕೊಡುವಾಗ, ಆರಾಧನೆ ಪುಸ್ತಕ ಹಿಡಿದು ಗುಂಡಿಯ ತಲೆಯ ಬಳಿ ನಿಲ್ಲುವವರು ನಿವೃತ್ತ ಮೇಷ್ಟ್ರೋ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಮ್ಮನೋ ಆಗಿರುತ್ತಾರೆ. ಗಂಟಲು ಕಟ್ಟಿದ್ದರೂ ಓದಿ ಮುಗಿಸುತ್ತಾರೆ. ಆ ಧೈರ್ಯವನ್ನು ಅವರಿಗೆ ಯಾವ ತರಬೇತಿ ಶಿಬಿರವೂ ಕೊಟ್ಟದ್ದಲ್ಲ.

ಸಭೆ ಯಾರದು ಎಂಬ ಪ್ರಶ್ನೆ ಹಳೆಯದು. ಈ ಸೀಮೆಯ ಪ್ರೊಟೆಸ್ಟೆಂಟ್ ಸಭೆಗಳ ಬೇರು ಲಂಡನ್ ಮಿಷನ್ನಿನಲ್ಲಿದೆ. 1795ರಲ್ಲಿ ಹುಟ್ಟಿದ ಆ ಸಂಸ್ಥೆ ಮರುವರ್ಷವೇ ಒಂದು ಮೂಲತತ್ವವನ್ನು ಬರೆದಿಟ್ಟುಕೊಂಡಿತು. ಬಿಷಪ್ ಪದ್ಧತಿಯೋ, ಹಿರಿಯರ ಪದ್ಧತಿಯೋ, ಸ್ವತಂತ್ರ ಸಭೆಯ ಪದ್ಧತಿಯೋ, ಯಾವುದನ್ನೂ ತಾನು ಹೊರಗಿನಿಂದ ಹೇರುವುದಿಲ್ಲ. ತಮ್ಮ ಸಭೆ ಹೇಗೆ ನಡೆಯಬೇಕೆಂಬುದನ್ನು ಆಯಾ ನಾಡಿನ ವಿಶ್ವಾಸಿಗಳೇ ತೀರ್ಮಾನಿಸಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಬಳ್ಳಾರಿಗೆ 1810ರಲ್ಲಿ, ಬೆಂಗಳೂರಿಗೆ 1820ರಲ್ಲಿ ಬಂದವರು ಇದೇ ಸಂಸ್ಥೆಯವರು. ಕಾಗದದ ಮೇಲಿದ್ದ ಈ ಉದಾರತೆ ನೆಲದ ಮೇಲೆ ಎಲ್ಲ ಕಾಲಕ್ಕೂ ಇರಲಿಲ್ಲ. ಹಣ ಮಿಷನರಿ ದೊರೆಯ ಕೈಯಲ್ಲಿ ಇದ್ದಾಗ ತೀರ್ಮಾನವೂ ದೊರೆಯದೇ ಆಗುತ್ತಿತ್ತು. ಆದರೂ ಆ ಪರಂಪರೆಯ ತಿರುಳು ಒಂದೇ: ಸಭೆ ಎಂದರೆ ಜನ, ಅವರ ಮುಂದೆ ನಿಂತವರೊಬ್ಬರೇ ಅಲ್ಲ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಈ ಪರಂಪರೆ ಬೇರೆ ಎರಡರ ಜೊತೆ ಕೂಡಿತು. ಬಿಷಪರಿದ್ದ ಆಂಗ್ಲಿಕನ್ನರು, ಬೋಧಕರನ್ನು ಊರಿಂದೂರಿಗೆ ಕಳಿಸುತ್ತಿದ್ದ ಮೆಥಡಿಸ್ಟರು, ತಮ್ಮ ಬೋಧಕರನ್ನು ಸಭೆಯೇ ಕರೆಯಬೇಕೆನ್ನುತ್ತಿದ್ದ ಕಾಂಗ್ರಿಗೇಶನಲ್ ಪಂಥದವರು ಎಲ್ಲ ಒಂದಾದರು. ಮೈಸೂರು ಡಯಾಸಿಸ್ಸಿನ (ಬಿಷಪರ ಆಡಳಿತ ವಲಯದ) ಮೊದಲ ಬಿಷಪ್ ಕನ್ನಡಿಗರೇ, ಪಿ. ಗುರುಶಾಂತ. ಇಂದು ನಮ್ಮ ಜಿಲ್ಲೆಯ ಸಿ.ಎಸ್.ಐ. ಸಭೆಗಳು ಬೆಂಗಳೂರಿನ ಕರ್ನಾಟಕ ಸೆಂಟ್ರಲ್ ಡಯಾಸಿಸ್ಸಿಗೆ ಸೇರಿವೆ. ಅಯ್ಯನವರನ್ನು ಕಳಿಸುವುದೂ ಕರೆಸಿಕೊಳ್ಳುವುದೂ ಅಲ್ಲಿಂದಲೇ. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಈಗಲೂ ಸಭೆಯವರೇ ಸಮಿತಿ ಮಾಡಿಕೊಂಡು ಬೋಧಕರನ್ನು ಹುಡುಕುತ್ತಾರೆ. ಅದು ಮುಗಿಯಲು ಒಂದೆರಡು ವರ್ಷವೂ ಹಿಡಿಯಬಹುದು, ನಡುವೆ ತಾತ್ಕಾಲಿಕ ಬೋಧಕರೊಬ್ಬರನ್ನು ಇಟ್ಟುಕೊಳ್ಳುತ್ತಾರೆ. ನಮಗೆ ಆ ಆಯ್ಕೆಯೂ ಇಲ್ಲ, ಆ ಜಂಜಾಟವೂ ಇಲ್ಲ. ನನಗಂತೂ ನಮ್ಮ ಪದ್ಧತಿಯಲ್ಲಿ ಒಂದು ನ್ಯಾಯ ಕಾಣುತ್ತದೆ: ಹಣವಿರುವ ನಗರದ ಸಭೆ ಒಳ್ಳೆಯ ಪ್ರಸಂಗಿಯನ್ನು ಕೊಂಡುಕೊಂಡು ಕೂರಲಾಗದು, ಹಳ್ಳಿಯ ಸಭೆಗೂ ಅವರ ಸರದಿ ಬರುತ್ತದೆ. ಹಾಗೆ ಬರುವಂತೆ ನೋಡಿಕೊಳ್ಳುವುದು ಡಯಾಸಿಸ್ಸಿನ ಹೊಣೆ.

ಮುಂದೆ ನಿಂತು ನಡೆಸುವವರು ಹೋದ ಮೇಲೆ ಸಭೆ ಉಳಿಯುತ್ತದೆಯೇ ಎಂದು ಕೇಳುವವರಿಗೆ ಕರಾವಳಿಯ ಕಥೆ ಹೇಳಬೇಕು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಎಂಬತ್ತು ವರ್ಷ ಸಭೆ, ಶಾಲೆ, ಛಾಪಖಾನೆ, ಹೆಂಚಿನ ಕಾರ್ಖಾನೆ ಎಲ್ಲ ಅವರ ಮೇಲ್ವಿಚಾರಣೆಯಲ್ಲೇ ಬೆಳೆದವು. 1914ರಲ್ಲಿ ಮಹಾಯುದ್ಧ ಶುರುವಾಯಿತು. ಮಿಷನರಿಗಳಲ್ಲಿ ಬಹುಪಾಲು ಜರ್ಮನರು. ಬ್ರಿಟಿಷ್ ಸರ್ಕಾರಕ್ಕೆ ಅವರು ಶತ್ರುದೇಶದವರಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದಲೇ ಕಳಿಸಿದರು. ಮಂಗಳೂರಿನಿಂದ ಧಾರವಾಡದ ತನಕ ಸಭೆಗಳು ತಮ್ಮ ದೊರೆಗಳನ್ನು ಕಳೆದುಕೊಂಡವು. ವಿದಾಯ ಕೂಟ ಮಾಡಲು ಪುರುಸೊತ್ತಿಲ್ಲ, ಮುಂದೆ ಯಾರು ಬರುತ್ತಾರೆಂಬ ಗೊತ್ತಿಲ್ಲ. ಆದರೂ ಸಭೆಗಳು ಮುಚ್ಚಲಿಲ್ಲ. ಊರಿನ ಪಾದ್ರಿಗಳು, ಉಪದೇಶಿಗಳು, ಹಿರಿಯರು ಅವನ್ನು ಹೊತ್ತರು. ಅಷ್ಟು ವರ್ಷ ಎರಡನೆಯ ಸಾಲಿನಲ್ಲಿ ಕೂರಿಸಿದ್ದವರೇ ಮುಂದೆ ನಡೆದರು. ಇದು ನಮ್ಮ ನಾಡಿನ ಕ್ರೈಸ್ತ ಚರಿತ್ರೆಯ ಬಹು ದೊಡ್ಡ ಅಧ್ಯಾಯ; ಇದನ್ನು ಯಾವ ಸಭೆಯ ವಾರ್ಷಿಕೋತ್ಸವದಲ್ಲೂ ಯಾರೂ ನೆನೆಯುವುದಿಲ್ಲವಲ್ಲ ಎಂಬ ಕೊರಗು ನನಗಿದೆ.

ಹೋಗುವವರ ಬಗ್ಗೆ ಹೇಳಬೇಕಾದರೆ ಚಿಕ್ಕಬಳ್ಳಾಪುರದಲ್ಲೇ ಉದಾಹರಣೆ ಇದೆ. ಡಾ. ಟಿ. ವಿ. ಕ್ಯಾಂಪ್‌ಬೆಲ್ ಲಂಡನ್ ಮಿಷನ್ನಿನ ವೈದ್ಯರು. ಕಡಪ ಸೀಮೆಯ ಜಮ್ಮಲಮಡುಗಿನಲ್ಲಿ ಆಸ್ಪತ್ರೆ ಕಟ್ಟಿ ಬೆಳೆಸಿದವರು, ಅದನ್ನು ಅಲ್ಲಿಯೇ ಬಿಟ್ಟು ಈ ಊರಿಗೆ ಬಂದರು. 1913ರಲ್ಲಿ ಶುರುವಾದ ಇಲ್ಲಿಯ ವಾರ್ಡ್ಲಾ ಥಾಮ್ಸನ್ ಆಸ್ಪತ್ರೆ ಇಂದಿನ ಸಿ.ಎಸ್.ಐ. ಆಸ್ಪತ್ರೆ. ಜಮ್ಮಲಮಡುಗಿನ ಆಸ್ಪತ್ರೆಗೆ ಇಂದಿಗೂ ಅವರ ಹೆಸರೇ ಇದೆ, ಆದರೆ ಅದನ್ನು ನಡೆಸಿದವರು ಅವರ ನಂತರ ಬಂದವರು. ಕಟ್ಟಿದ್ದನ್ನು ಬೇರೆಯವರ ಕೈಗಿಟ್ಟು ಮತ್ತೊಂದು ಊರಲ್ಲಿ ಮೊದಲಿನಿಂದ ಶುರು ಮಾಡುವುದು ದೊಡ್ಡ ಗುಣ. ನಮ್ಮ ಸಭಾಪಾಲಕರಿಂದ ನಾವು ಮೂರೋ ಐದೋ ವರ್ಷಕ್ಕೊಮ್ಮೆ ಕೇಳುವುದು ಅದನ್ನೇ. ಅದು ಎಷ್ಟು ಭಾರ ಎಂದು ನಾವು ಯೋಚಿಸಿದ್ದೇವೆಯೇ?

ಹೊಸ ಅಯ್ಯನವರನ್ನು ಹಳಬರ ಜಾಗದಲ್ಲಿ ಕೂರಿಸಿದರೆ ಮುಗಿಯುವ ಕೆಲಸ ಇದಲ್ಲ. ಮನುಷ್ಯರು ಮನುಷ್ಯರಿಗೆ ಹೊಂದಿಕೊಳ್ಳುವ ಕೆಲಸ. ನಮ್ಮ ಸೀಮೆಯಲ್ಲಿ ಅದಕ್ಕೆ ಇನ್ನೊಂದು ತೊಡಕೂ ಉಂಟು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಮನೆಗಳಲ್ಲಿ ತೆಲುಗು ಎಷ್ಟು ಸಹಜವೆಂದು ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಇದು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ಕೈವಾರದ ತಾತಯ್ಯನವರ ನೆಲ. ಆರಾಧನೆ ಕನ್ನಡದಲ್ಲಿ ನಡೆದರೂ ಅಜ್ಜಿಯ ಕಣ್ಣೀರು ಹರಿಯುವುದು ತೆಲುಗು ಕೀರ್ತನೆಗೆ. ಮೈಸೂರಿನಿಂದಲೋ ಹುಬ್ಬಳ್ಳಿ ಕಡೆಯಿಂದಲೋ ಬಂದ ಅಯ್ಯನವರು ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂತು, ಆಕೆ ಹೇಳಿದ್ದು ಅರ್ಥವಾಗದೆ ಸುಮ್ಮನೆ ಕೈ ಹಿಡಿದುಕೊಂಡಿರುವುದು ನಡೆಯುತ್ತದೆ. ಆಗ 'ಹಳೆಯ ಅಯ್ಯನವರು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು' ಎನ್ನುವುದು ಸುಲಭ. ಪಕ್ಕದಲ್ಲಿ ಕೂತು ಆ ತಾಯಿಯ ಮಾತನ್ನು ತಿಳಿಸಿ ಹೇಳುವುದು ಕಷ್ಟದ ಕೆಲಸ, ಆದರೆ ಆಗಬೇಕಾದ ಕೆಲಸ.

ಹೋಲಿಸುವ ಚಾಳಿ ಹಳೆಯದು. ಬೈಬಲಿನ ಕಾಲದ ಕೊರಿಂಥದ ಸಭೆಯಲ್ಲಿ ಕೆಲವರು ತಾವು ಪೌಲನವರೆಂದರು, ಕೆಲವರು ಅಪೊಲ್ಲೋಸನವರೆಂದರು. ಪೌಲನು ಇದನ್ನು ಕೇಳಿ ತನ್ನ ಪಕ್ಷ ಕಟ್ಟಿಕೊಳ್ಳಲಿಲ್ಲ. ನೆಟ್ಟವನೂ ನೀರು ಹೊಯ್ದವನೂ ಇಬ್ಬರೂ ಆಳುಗಳೇ, ಬೆಳೆಸುವಾತ ಬೇರೆ ಎಂದು ಬರೆದ. ಅದೇ ಪೌಲನು ಮಿಲೇತದಲ್ಲಿ ಎಫೆಸದ ಹಿರಿಯರನ್ನು ಬೀಳ್ಕೊಟ್ಟಾಗ ಅವರೆಲ್ಲ ಅವನ ಕೊರಳು ತಬ್ಬಿ ಅತ್ತರು. ಅಳುವುದು ತಪ್ಪಲ್ಲ. ಅತ್ತು ಹಡಗು ಹತ್ತಿಸಿ ಕಳಿಸಿದರು, ಹಗ್ಗ ಹಿಡಿದು ನಿಲ್ಲಿಸಲಿಲ್ಲ. ನಮ್ಮಲ್ಲಿ ಹಗ್ಗ ಹಿಡಿಯುವವರು ಬಹಳ. ವರ್ಗ ತಪ್ಪಿಸಲು ಸಹಿ ಸಂಗ್ರಹ, ವರ್ಗ ಮಾಡಿಸಲು ಮತ್ತೊಂದು ಗುಂಪಿನ ಸಹಿ ಸಂಗ್ರಹ, ಬೆಂಗಳೂರಿಗೆ ಎರಡು ವ್ಯಾನು. ಈ ಜಗಳ ಅಯ್ಯನವರು ಹೋದ ಮೇಲೂ ಸಭೆಯಲ್ಲಿ ಉಳಿಯುತ್ತದೆ. ಬಂದವರು ಯಾರ ಮನೆಯಲ್ಲಿ ಮೊದಲು ಕಾಫಿ ಕುಡಿದರು ಎಂಬುದರಿಂದ ಅವರ ಪಕ್ಷ ನಿರ್ಧಾರವಾಗಿಬಿಡುತ್ತದೆ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನಿರುತ್ತದೆ. ನೋಡಿದವರಿಗೆ ಕಾಯಿಲೆ ಎನಿಸುತ್ತದೆ, ಒಳಗೆ ಹಳೆಯ ಚರ್ಮ ಕಳಚುತ್ತಿರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಿ ಅಲುಗಿಸಬಾರದು, ಮನೆ ಒಣಗಿರಬೇಕು. ಬೆಳೆಗಾರನು ಆ ಹೊತ್ತಿನಲ್ಲಿ ಕೈಕಟ್ಟಿ ಕೂತಿರುವುದಿಲ್ಲ, ಕಣ್ಣಿಟ್ಟು ಕಾಯುತ್ತಾನೆ. ಇಬ್ಬರು ಅಯ್ಯನವರ ನಡುವಿನ ಕಾಲವೂ ಹಾಗೆಯೇ. ಆ ತಿಂಗಳುಗಳಲ್ಲಿ ಹೊಸ ಕಟ್ಟಡದ ತೀರ್ಮಾನ ಬೇಡ, ಹಳೆಯ ಲೆಕ್ಕದ ತಗಾದೆ ಕೆದಕುವುದು ಬೇಡ. ಆದರೆ ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳು ಎಲ್ಲಿವೆ, ಬೀರುವಿನ ಬೀಗ ಯಾರ ಬಳಿ ಇದೆ, ಕಾಣಿಕೆ ಎಣಿಸುವಾಗ ಎಷ್ಟು ಜನ ಇದ್ದರು, ಇವೆಲ್ಲ ಸ್ವಚ್ಛವಾಗಿರಬೇಕು.

ಹೊರಟು ಹೋದ ಅಯ್ಯನವರಿಗೂ ವಿನಯದಿಂದ ಒಂದು ಮಾತು. ನೀವು ನಮ್ಮ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟಿದ್ದೀರಿ, ನಮ್ಮ ತಂದೆತಾಯಿಯರನ್ನು ಮಣ್ಣು ಮಾಡಿದ್ದೀರಿ. ಆ ಋಣ ಹರಿಯುವುದಲ್ಲ. ಆದರೂ ಸಭೆಯ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋಗಿ. ಮದುವೆಗೆ ಕರೆದರೆ ಈಗಿನ ಸಭಾಪಾಲಕರನ್ನು ಕೇಳಿ ಬನ್ನಿ. ಕಮಿಟಿಯಲ್ಲಿ ಏನು ನಡೆಯಿತೆಂದು ಫೋನಿನಲ್ಲಿ ಹೇಳಲು ಬಂದವರನ್ನು ಅಲ್ಲಿಯೇ ತಡೆಯಿರಿ. ನಿಮ್ಮ ಮೇಲೆ ನಮಗಿರುವ ಪ್ರೀತಿ ನಿಮ್ಮ ನಂತರ ಬಂದವರಿಗೆ ಮುಳ್ಳಾಗಬಾರದು.

ಇನ್ನು ಸಭೆಯವರಿಗೆ. ಸ್ವಾಗತ ಕೂಟದ ಹಾರ, ಶಾಲು, ಬಿರಿಯಾನಿ ಎಲ್ಲ ಇರಲಿ, ಬೇಡ ಎನ್ನುವುದಿಲ್ಲ. ಆದರೆ ವರ್ಗದ ಆದೇಶ ಹಿಡಿದು ಬರುವ ಮನೆಯಲ್ಲಿ ಹೆಂಡತಿಯ ಕೆಲಸ ಬಿಟ್ಟುಹೋಗಿರಬಹುದು, ಹತ್ತನೆಯ ತರಗತಿಯ ಮಗಳು ಗೆಳತಿಯರನ್ನು ಬಿಟ್ಟು ಬಂದಿರುತ್ತಾಳೆ. ಜೂನ್ ಶುರುವಾಗುವ ಮೊದಲೇ ಶಾಲೆಯ ಸೀಟು ವಿಚಾರಿಸಿಡಿ. ಪಾರ್ಸನೇಜಿನ ಸೋರುವ ಮಾಡನ್ನು ಅವರು ಬಂದು ಕೇಳುವ ಮೊದಲೇ ರಿಪೇರಿ ಮಾಡಿಸಿ. ನಿಮ್ಮ ಸಭೆಯಲ್ಲಿ ದೇವಾಲಯಕ್ಕೆ ಬರಲಾಗದೆ ಮನೆಯಲ್ಲೇ ಇರುವ ಮುದುಕರು, ಕಾಯಿಲೆಯವರು ಯಾರು ಯಾರು ಎಂದು ಒಂದು ಹಾಳೆಯಲ್ಲಿ ಬರೆದು, ಬೀದಿ, ಮನೆ ಗುರುತು ಹಾಕಿ, ಹೊಸ ಅಯ್ಯನವರ ಕೈಗೆ ಕೊಡಿ. ಮೊದಲ ವಾರ ಯಾರಾದರೊಬ್ಬರು ರಜೆ ಹಾಕಿ ಅವರ ಜೊತೆ ಆ ಮನೆಗಳಿಗೆ ಹೋಗಿ ಬನ್ನಿ.