ಬೆಂದ ಇಟ್ಟಿಗೆ, ಶುದ್ಧ ಕಾಯಕ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದರೆ ನಮ್ಮ ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಭಕ್ತರು ಮೊದಲು ಯೋಚಿಸುವುದು ಮನೆಯನ್ನು. ಒಕ್ಕಲಿಗರು ಹಳೆಯ ಮಣ್ಣಿನ ಗೋಡೆ ಇಳಿಸಿ ಇಟ್ಟಿಗೆಯ ಗೋಡೆ ಏರಿಸುತ್ತಾರೆ. ವ್ಯಾಪಾರಸ್ಥರು ಅಂಗಡಿಯ ಮೇಲೊಂದು ಅಂತಸ್ತು ಕಟ್ಟಿಸುತ್ತಾರೆ. ಮನೆ ಕಟ್ಟುವುದೂ ಕಾಯಕವೇ. ಗಿಲಾವು ಮುಚ್ಚಿದ ಮೇಲೆ ಒಳಗೇನಿದೆ ಎಂಬುದು ಯಾರ ಕಣ್ಣಿಗೂ ಕಾಣದು. ಆದರೆ ಮಳೆಗೆ ಕಾಣುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಕೃಷ್ಣೆ, ತುಂಗಭದ್ರೆಯರು ಉಕ್ಕಿದಾಗ ರಾಯಚೂರು, ಕರ್ನೂಲು ಮತ್ತು ಅಂದಿನ ಮಹಬೂಬನಗರ ಜಿಲ್ಲೆಗಳಲ್ಲಿ ಮನೆಗಳು ಕುಸಿದದ್ದನ್ನು ನಾವು ಮರೆಯುವಂತಿಲ್ಲ.

ಹಾಗೆಂದು ಮಣ್ಣು ಕೀಳಲ್ಲ. ಸೋಮನಾದ್ರಿ ಕಟ್ಟಿಸಿದ ಗದ್ವಾಲ ಕೋಟೆ ಮಣ್ಣಿನ ಕೋಟೆಯೆಂದೇ ಹೆಸರಾದದ್ದು. ಕೀಳಾದದ್ದು ಅರೆಮನಸ್ಸಿನ ಕೆಲಸ.

ಭಾಲ್ಕಿಯ ಕುಂಬಾರ ಗುಂಡಯ್ಯನವರ ಕಥೆಯನ್ನು ಹರಿಹರ ಕವಿ ರಗಳೆಯಾಗಿ ಹಾಡಿದ್ದಾನೆ. ಆ ಶರಣರು ಮಡಕೆ ಬಾರಿಸಿದ ನಾದಕ್ಕೆ ಶಿವನೇ ಕುಣಿದನಂತೆ. ಹಸಿ ಮಡಕೆಗೆ ಆ ನಾದ ಎಲ್ಲಿಂದ ಬರಬೇಕು? ಚೆನ್ನಾಗಿ ಬೆಂದ ಮಣ್ಣಿಗೇ ನಾದ. ಇಟ್ಟಿಗೆಯ ಪರೀಕ್ಷೆಯೂ ಇದೇ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿದರೆ ಖಣಿಲೆನ್ನಬೇಕು. ಉಗುರಿನಿಂದ ಗೀರಿದರೆ ಗೆರೆ ಮೂಡಬಾರದು. ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬಿಟ್ಟರೆ ಒಡೆಯಬಾರದು. ಒಂದು ದಿನ ನೀರಿನಲ್ಲಿಟ್ಟು ತೂಗಿದರೆ ತೂಕ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಏರಬಾರದು.

ಉಸುಕನ್ನೂ ನೋಡಿ ಕೊಳ್ಳಿರಿ. ಗಾಜಿನ ಸೀಸೆಯಲ್ಲಿ ಉಸುಕು, ನೀರು ಹಾಕಿ ಅಲುಗಿಸಿ ಕೆಲವು ತಾಸು ಬಿಟ್ಟರೆ ಮಣ್ಣು ಮೇಲೆ ಪದರವಾಗಿ ಕೂರುತ್ತದೆ. ಅದು ನೂರಕ್ಕೆ ಎಂಟು ಪಾಲು ಮೀರಿದರೆ ಆ ಉಸುಕು ಬೇಡ. ನಮ್ಮ ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಆದ್ದರಿಂದ ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಪಾಯ ಹೋಗಬೇಕು.

ಇಟ್ಟಿಗೆಯನ್ನು ನೆನೆಸದೆ ಕಟ್ಟಬೇಡಿರಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ತಾನೇ ಕುಡಿದುಬಿಡುತ್ತದೆ. ಸಿಮೆಂಟು ಗಟ್ಟಿಯಾಗದೆ ಪುಡಿಯಾಗುತ್ತದೆ. ಎಲ್ಲವನ್ನೂ ತನ್ನ ಕಡೆಗೇ ಎಳೆದುಕೊಳ್ಳುವವನಿದ್ದರೆ ಮನೆತನವೂ ಹೀಗೆಯೇ ಬಿಡುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು. ನೀರು ಬೆರೆಸಿದ ಗಾರೆ ಅರ್ಧ ತಾಸಿನಲ್ಲಿ ಮುಗಿಯಬೇಕು. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರಬಾರದು. ಮೇಲಿನ ಒಂದು ಇಟ್ಟಿಗೆಯ ಭಾರವನ್ನು ಕೆಳಗಿನ ಎರಡು ಹಂಚಿಕೊಳ್ಳಬೇಕು. ಇದೂ ದಾಸೋಹವಲ್ಲವೆ? ಒಂದು ದಿನಕ್ಕೆ ಐದು ಅಡಿಗಿಂತ ಹೆಚ್ಚು ಏರಿಸಬೇಡಿರಿ, ಏಳು ದಿನ ತಪ್ಪದೆ ನೀರುಣಿಸಿರಿ.

ಲೆಕ್ಕವೂ ಇರಲಿ. 19, 9, 9 ಸೆಂಟಿಮೀಟರ್ ಅಳತೆಯ ಇಟ್ಟಿಗೆ ಗಾರೆ ಸೇರಿ ಒಂದು ಘನಮೀಟರ್ ಗೋಡೆಗೆ 500 ಬೇಕು. ಒಡಕಿಗೆಂದು ನೂರಕ್ಕೆ ಐದು ಸೇರಿಸಿದರೆ 525. ನಿಮ್ಮೂರಿನ ಭಟ್ಟಿಯ ಇಟ್ಟಿಗೆ ಬೇರೆ ಅಳತೆಯದಾದರೆ ಮೊದಲು ಅಳೆದು, ಆಮೇಲೆ ಹಣ ಕೊಡಿರಿ.

ಮಾರುವ ಬಂಧುಗಳಿಗೂ ಒಂದು ಮಾತು. ಬೆಂದ ಇಟ್ಟಿಗೆಯ ನಡುವೆ ಅರೆಬೆಂದದ್ದನ್ನು ಸೇರಿಸಿ ಎಣಿಸುವುದು ಕಾಯಕವಲ್ಲ, ಕಳವು. ಆ ಗೋಡೆಯ ಕೆಳಗೆ ಮಲಗುವುದು ಮತ್ತೊಬ್ಬರ ಕೂಸು. ಹೊಲದ ಮೇಲ್ಮಣ್ಣನ್ನು ಭಟ್ಟಿಗೆ ಮಾರುವ ಒಕ್ಕಲಿಗರೂ ಯೋಚಿಸಲಿ. ಅದು ಒಂದು ಸಲದ ಹಣ. ಫಲವತ್ತಾದ ಮಣ್ಣು ಮರಳಿ ಕೂಡಲು ಎಷ್ಟೋ ತಲೆಮಾರು ಬೇಕು.

ಕೊನೆಯದಾಗಿ, ನಮ್ಮ ಪಾಲಮೂರು ಸೀಮೆಯ ಕೂಲಿಗಳು ತಲೆಮಾರುಗಳಿಂದ ಮುಂಬಯಿ, ಪುಣೆಗಳಿಗೆ ಗುಳೆ ಹೋಗಿ ಪರರ ಮನೆ ಕಟ್ಟಿದವರು. ಅವರು ನಮ್ಮ ಅಂಗಳದಲ್ಲಿ ದುಡಿದಾಗ ಕೂಲಿಯನ್ನು ಸಂಜೆಗೇ ಪೂರ್ತಿ ಎಣಿಸಿ ಕೊಡೋಣ, ನೆರಳು ನೀರು ಕೊಡೋಣ. ಗೌಂಡಿಯ ಕಣ್ಣೀರು ಬಿದ್ದ ಗೋಡೆಗೆ ಯಾವ ಸಿಮೆಂಟೂ ಬಲ ಕೊಡದು. ಗೃಹಪ್ರವೇಶದ ದಿನ ಮೊದಲ ಪಂಕ್ತಿಯಲ್ಲಿ ಅವರೇ ಕುಳಿತು ಪ್ರಸಾದ ಸ್ವೀಕರಿಸಲಿ. ಆಗ ಆ ಮನೆ ಮಹಾಮನೆಯಾದೀತು.